ನಾಲಿಗೆ ಕೆಳಗೆ ಗುಳಿಗೆ, ಕೈಯಲ್ಲಿ ಸ್ಟೇರಿಂಗ್: ಶೆಲ್ಬಿ ಮಾಡಿದ್ದನ್ನು ನಾನೂ ಮಾಡಬಹುದಾ ಡಾಕ್ಟ್ರೇ?

ಓದುಗರ ಪ್ರಶ್ನೆ: "ಡಾಕ್ಟ್ರೇ, ನನಗೆ 53 ವರ್ಷ. ಹಾಸನದಲ್ಲಿ ಸ್ಪೇರ್ ಪಾರ್ಟ್ಸ್ ಅಂಗಡಿ ಇದೆ. ಕಾರು ಅಂದ್ರೆ ಚಿಕ್ಕಂದಿನಿಂದ ಹುಚ್ಚು. ನಾಲ್ಕು ತಿಂಗಳಿಂದ ಮೆಟ್ಟಿಲು ಹತ್ತಿದರೆ ಎದೆ ಹಿಡಿದುಕೊಂಡ ಹಾಗೆ ಆಗುತ್ತೆ, ಎಡಗೈ ಜೋಮು ಬರುತ್ತೆ. ಎರಡು ನಿಮಿಷ ನಿಂತರೆ ಹೋಗುತ್ತೆ. ಮೊದಲು ಗೋಡೌನಿನ ಎರಡನೇ ಮಹಡಿಗೆ ಹತ್ತಿದಾಗ ಬರುತ್ತಿತ್ತು, ಈ ಹದಿನೈದು ದಿನದಿಂದ ಮೊದಲನೇ ಮಹಡಿಗೇ ಬರುತ್ತಿದೆ. ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಮಾಡುವ ಹೃದಯ ಪರೀಕ್ಷೆ) ಮಾಡಿಸಿದೆ, ಪಾಸಿಟಿವ್ ಅಂದರು. ಆಂಜಿಯೋಗ್ರಾಮ್ (ಹೃದಯದ ರಕ್ತನಾಳದ ಫೋಟೋ) ಮಾಡಿಸಿ ಅಂತ ಬರೆದುಕೊಟ್ಟಿದ್ದಾರೆ. ನಾನೇ ಮುಂದಕ್ಕೆ ಹಾಕುತ್ತಾ ಬಂದಿದ್ದೇನೆ, ಯಾಕಂದ್ರೆ ಬರುವ ತಿಂಗಳು ಗೆಳೆಯರ ಜೊತೆ ಕೊಯಮತ್ತೂರಿನ ಟ್ರ್ಯಾಕ್‌ನಲ್ಲಿ ಕಾರು ಓಡಿಸಲು ದುಡ್ಡು ಕಟ್ಟಿದ್ದೇನೆ. ಫೋರ್ಡ್-ಫೆರಾರಿ ಜಿದ್ದಿನ ಸಿನಿಮಾ ನೋಡಿದ ಮೇಲೆ ಅಮೆರಿಕದ ರೇಸ್ ಡ್ರೈವರ್ ಕ್ಯಾರಲ್ ಶೆಲ್ಬಿ ಬಗ್ಗೆ ಸಿಕ್ಕಿದ್ದೆಲ್ಲ ಓದಿದೆ. ಆತನೂ ಹೃದ್ರೋಗಿ. ನಾಲಿಗೆ ಕೆಳಗೆ ಗುಳಿಗೆ ಇಟ್ಟುಕೊಂಡೇ ರೇಸ್ ಓಡಿಸಿದ, 89 ವರ್ಷ ಬದುಕಿದ. ನನ್ನ ಜೇಬಿನಲ್ಲೂ ಸಾರ್ಬಿಟ್ರೇಟ್ ಇದೆ. ನಾನು ನಾಲ್ಕು ಸುತ್ತು ಹಾಕಿದರೆ ಏನಾಗುತ್ತೆ? ಸ್ಟೆಂಟ್ (ರಕ್ತನಾಳ ತೆರೆದಿಡುವ ಜಾಲರಿ) ಹಾಕಿಸಿದರೆ ಡ್ರೈವಿಂಗ್ ಮುಗಿದ ಹಾಗೇ ಅಂತಾರಲ್ಲ, ನಿಜಾನಾ? ನಮ್ಮ ಮನೆಯವಳು ಕಾರಿನ ಕೀ ಬಚ್ಚಿಡುವ ಮಟ್ಟಕ್ಕೆ ಬಂದಿದ್ದಾಳೆ. ಅವಳಿಗೂ ಲೈಸೆನ್ಸ್ ಇದೆ, ಆದರೆ ಅವಳು ಓಡಿಸುವಾಗ ಪಕ್ಕದಲ್ಲಿ ಕೂರುವುದು ನನ್ನಿಂದ ಆಗದ ಕೆಲಸ."

ಉತ್ತರ:

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಶೆಲ್ಬಿ ಹೆಸರು ನೋಡಿ ಖುಷಿಯಾಯಿತು, ಯಾಕಂದ್ರೆ ನಾನೂ ನಿಮ್ಮ ಜಾತಿಯವನೇ, ಆಂಜಿಯೋಗ್ರಾಮ್ ಮಾಡುವ ಕ್ಯಾಥ್ ಲ್ಯಾಬ್‌ನಿಂದ ಹೊರಗೆ ಬಂದರೆ ನನ್ನ ಫೋನಿನಲ್ಲಿ ಇರುವುದೆಲ್ಲ ಹಳೇ ರೇಸಿನ ವಿಡಿಯೋಗಳೇ. ಎರಡನೇ ಸಲ ಓದುವಾಗ ಶೆಲ್ಬಿಯನ್ನು ಪಕ್ಕಕ್ಕಿಟ್ಟೆ. ನೀವು ಮಾತಿನ ಮಧ್ಯೆ ಸುಮ್ನೆ ಹೇಳಿ ಮುಂದೆ ಹೋದ ಒಂದು ಸಾಲಿದೆ. ಎರಡನೇ ಮಹಡಿಗೆ ಬರುತ್ತಿದ್ದ ನೋವು ಈಗ ಮೊದಲನೇ ಮಹಡಿಗೇ ಬರುತ್ತಿದೆ ಅನ್ನುವುದು. ಇಡೀ ಪತ್ರದಲ್ಲಿ ನನಗೆ ಕಂಡಿದ್ದು ಅದೊಂದೇ. ಆದ್ದರಿಂದ ಮೊದಲು ಅದನ್ನೇ ಹೇಳಿಬಿಡುತ್ತೇನೆ, ಕಥೆ ಆಮೇಲೆ.

ಇಷ್ಟು ನಡೆದರೆ ನೋವು ಬರುತ್ತೆ, ನಿಂತರೆ ಹೋಗುತ್ತೆ, ತಿಂಗಳುಗಟ್ಟಲೆ ಅದೇ ಲೆಕ್ಕ ಇದ್ದರೆ ಅದನ್ನು ನಾವು ಸ್ಥಿರ ಆಂಜೈನಾ ಅಂತೀವಿ. ಅದಕ್ಕೆ ಔಷಧಿ ಕೊಟ್ಟು, ಸಮಾಧಾನವಾಗಿ ಕೂತು ಯೋಚನೆ ಮಾಡಬಹುದು. ಲೆಕ್ಕ ತಪ್ಪಿ ಕಡಿಮೆ ಕೆಲಸಕ್ಕೇ ನೋವು ಬರಲು ಶುರುವಾದರೆ ಅದು ಬೇರೆ ಜಾತಿ. ರಕ್ತನಾಳ ಅಂದ್ರೆ ಪೈಪು, ಅದರಲ್ಲಿ ಕಸ ಕಟ್ಟಿಕೊಳ್ಳುತ್ತೆ ಅಂತ ಎಲ್ಲರೂ ಹೇಳುತ್ತಾರೆ. ಅರ್ಧ ಮಾತ್ರ ಸರಿ. ಕೊಬ್ಬು ಕೂರುವುದು ಪೈಪಿನ ಒಳಗಲ್ಲ, ಪೈಪಿನ ಗೋಡೆಯಲ್ಲಿ, ಒಂದು ಕುರುವಿನ ಹಾಗೆ. ಆ ಕುರುವಿನ ಮೇಲಿನ ತೆಳ್ಳನೆ ಪದರ ಬಿರಿದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತೆ, ದಾರಿ ಇದ್ದಕ್ಕಿದ್ದಂತೆ ಕಿರಿದಾಗುತ್ತೆ. ನಿಮ್ಮದು ಈಗ ಆ ಹಂತದಲ್ಲಿ ಇರಬಹುದು. ಇಲ್ಲದೆಯೂ ಇರಬಹುದು, ಆದರೆ ಪತ್ರ ಓದಿ ಅದನ್ನು ಹೇಳಲು ಯಾರಿಗೂ ಆಗಲ್ಲ. ಆಂಜಿಯೋಗ್ರಾಮ್ ಬರುವ ತಿಂಗಳಿಗಲ್ಲ, ಈ ವಾರ. ಕೂತಿದ್ದಾಗ ನೋವು ಬಂದರೆ ವಾರವೂ ಇಲ್ಲ, ಆವತ್ತೇ, ಆ ಗಳಿಗೆಯಲ್ಲೇ 108ಕ್ಕೆ ಫೋನ್ ಮಾಡಿ. ಅಲ್ಲಿಯವರೆಗೆ ಶಿರಾಡಿ ಘಾಟ್ ಇರಲಿ, ಪೇಟೆಯೊಳಗೂ ನೀವು ಸ್ಟೇರಿಂಗ್ ಹಿಡಿಯಬೇಡಿ.

ಈಗ ಶೆಲ್ಬಿ ವಿಷಯ. ಕಥೆ ನಿಜ. ಆದರೆ ನಿಮಗೆ ಸಿಕ್ಕಿರುವುದು ಅದರ ಬಾಲ ಮಾತ್ರ.

ಕ್ಯಾರಲ್ ಶೆಲ್ಬಿ ಹುಟ್ಟಿದ್ದು 1923ರ ಜನವರಿ 11ಕ್ಕೆ, ಟೆಕ್ಸಾಸ್‌ನ ಲೀಸ್ಬರ್ಗ್ ಅನ್ನುವ ಸಣ್ಣ ಊರಿನಲ್ಲಿ. ಅಪ್ಪ ಹಳ್ಳಿಗಳಿಗೆ ಟಪಾಲು ಹಂಚುವ ಕೆಲಸದವರು. ಹುಡುಗನಿಗೆ ಹೃದಯದ ಕವಾಟ ಸೋರುತ್ತಿದೆ ಅಂತ ಚಿಕ್ಕ ವಯಸ್ಸಿನಲ್ಲೇ ಡಾಕ್ಟರು ಹೇಳಿದರು. ಆ ಕಾಲದಲ್ಲಿ ಅದಕ್ಕೆ ಮದ್ದು ಅಂದ್ರೆ ಹಾಸಿಗೆ. ಬೇರೆ ಮಕ್ಕಳು ಬೀದಿಯಲ್ಲಿ ಆಡುವಾಗ ಮಧ್ಯಾಹ್ನವೆಲ್ಲ ಮಲಗಿರಬೇಕಿತ್ತು. 14ರ ಹೊತ್ತಿಗೆ ಸರಿಹೋಯಿತು ಅಂತ ಬಿಟ್ಟರು. ಎರಡನೇ ಮಹಾಯುದ್ಧದಲ್ಲಿ ಸೇನೆಯ ವಿಮಾನ ದಳ ಆತನನ್ನು ತೆಗೆದುಕೊಂಡಿತು, ಹಾರಾಟ ಕಲಿಸುವ ಪೈಲಟ್ ಮಾಡಿತು. ಆಗ ಮದುವೆ ನಿಶ್ಚಯವಾಗಿದ್ದ ಹುಡುಗಿಗೆ ಪತ್ರ ಬರೆದು, ಪೈಲಟ್ ಬೂಟಿನೊಳಗೆ ತುರುಕಿ, ಅವಳ ಮನೆಯ ಹೊಲದ ಮೇಲೆ ಹಾರುವಾಗ ಕೆಳಗೆ ಹಾಕುತ್ತಿದ್ದನಂತೆ.

ಇಲ್ಲಿ ಮೊದಲ ತಪ್ಪು ತಿಳಿವಳಿಕೆ. "ಹುಟ್ಟಿನಿಂದಲೇ ಹೃದ್ರೋಗಿ, ಆದರೂ ರೇಸ್ ಗೆದ್ದ" ಅಂತ ತುಂಬಾ ಕಡೆ ಬರೆಯುತ್ತಾರೆ. ಚಿಕ್ಕಂದಿನ ತೊಂದರೆ ಕವಾಟದ್ದು, ಅಂದ್ರೆ ಬಾಗಿಲಿನ ರಿಪೇರಿ. 37ನೇ ವಯಸ್ಸಿನಲ್ಲಿ ಆತನನ್ನು ರೇಸಿನಿಂದ ಎಬ್ಬಿಸಿದ್ದು ಆಂಜೈನಾ, ಅಂದ್ರೆ ಹೃದಯದ ಮಾಂಸಕ್ಕೇ ರಕ್ತ ಸಾಲದೆ ಬರುವ ನೋವು. ಎರಡೂ ಬೇರೆ ಬೇರೆ ಕಾಯಿಲೆ. ಮೊದಲನೆಯದನ್ನು ಮೀರಿ ಬಂದ, ಎರಡನೆಯದನ್ನು ಮೀರಲಿಲ್ಲ. ನಿಮ್ಮದು ಎರಡನೆಯದು.

ಯುದ್ಧ ಮುಗಿದ ಮೇಲೆ ಮಣ್ಣು ಸಾಗಿಸುವ ಟ್ರಕ್ ಇಟ್ಟ, ಎಣ್ಣೆಬಾವಿಯಲ್ಲಿ ದುಡಿದ, ಕೊನೆಗೆ ಕೋಳಿ ಫಾರಂ ಮಾಡಿದ. ಮೊದಲ ಬ್ಯಾಚಿನಲ್ಲಿ ಒಳ್ಳೇ ಲಾಭ. ಎರಡನೇ ಬ್ಯಾಚಿಗೆ ಕತ್ತು ಜೋತುಬೀಳುವ ಕಾಯಿಲೆ ಬಂದು ಕೋಳಿಗಳೆಲ್ಲ ಸತ್ತವು, ಆತ ದಿವಾಳಿ. ಕೋಳಿ ಸಾಕಿ ಕೈ ಸುಟ್ಟುಕೊಂಡವರು ನಮ್ಮ ಕಡೆಯೂ ಬೇಕಾದಷ್ಟು ಜನ ಇದ್ದಾರೆ, ಅವರಿಗೆ ಈ ಭಾಗ ಬೇಗ ಅರ್ಥವಾಗುತ್ತೆ. 1952ರಲ್ಲಿ ಗೆಳೆಯನ ಎಂಜಿ ಕಾರಿನಲ್ಲಿ ರೇಸಿಗೆ ಇಳಿದ. 1953ರಲ್ಲಿ ಒಂದು ದಿನ ಫಾರಂನಲ್ಲಿ ಕೆಲಸ ಮಾಡುತ್ತಿದ್ದವನು ಹೊತ್ತಾಯಿತು ಅಂತ ಬಟ್ಟೆ ಬದಲಾಯಿಸದೆ, ಪಟ್ಟೆ ಪಟ್ಟೆಯ ಮೇಲಂಗಿಯಲ್ಲೇ ಟ್ರ್ಯಾಕ್‌ಗೆ ಬಂದ. ಫೋಟೋದವರು ಗೆದ್ದ ಕಾರಿಗಿಂತ ಆ ಬಟ್ಟೆಯನ್ನೇ ಜಾಸ್ತಿ ತೆಗೆದರು. ಆಮೇಲೆ ಅದನ್ನೇ ತನ್ನ ಗುರುತು ಮಾಡಿಕೊಂಡ. ಆಸಾಮಿ ಬಲು ಚಾಲಾಕಿ, ಅದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತೆ.

1954ರಲ್ಲಿ ಮೆಕ್ಸಿಕೋದ ಕರೇರಾ ಪಾನಮೆರಿಕಾನಾ ರೇಸಿನಲ್ಲಿ ಕಾರು ಪಲ್ಟಿಯಾಗಿ ಕೈ ನುಚ್ಚುನೂರಾಯಿತು. ಕೆಲವೇ ತಿಂಗಳಿಗೆ, 1955ರ ಸೀಬ್ರಿಂಗ್‌ನ 12 ಗಂಟೆ ರೇಸಿನಲ್ಲಿ, ಕೈಗೆ ಹಾಕಿದ ಕಟ್ಟಿನ ಸಮೇತ ಕೂತ. ಕೈ ಜಾರದ ಹಾಗೆ ಸ್ಟೇರಿಂಗಿಗೆ ಟೇಪು ಸುತ್ತಿಸಿಕೊಂಡಿದ್ದ. ಜೊತೆಗಾರ ಫಿಲ್ ಹಿಲ್, ಮುಂದೆ 1961ರಲ್ಲಿ ಫಾರ್ಮುಲಾ ಒನ್ ವಿಶ್ವ ಚಾಂಪಿಯನ್ ಆದವನು. ಇಬ್ಬರೂ ಸೇರಿ ಎರಡನೇ ಸ್ಥಾನ ಪಡೆದರು. 1957ರಲ್ಲಿ ಕ್ಯಾಲಿಫೋರ್ನಿಯಾದ ರಿವರ್‌ಸೈಡ್ ಟ್ರ್ಯಾಕ್‌ನಲ್ಲಿ ಮಾಸೆರಾಟಿ ಗುದ್ದಿಸಿಕೊಂಡ. ಮುಖಕ್ಕೆ ಪ್ಲಾಸ್ಟಿಕ್ ಸರ್ಜರಿಯೇ ಆಯಿತು. ಮೂಳೆ ಮುರಿದರೂ ಓಡಿಸುವ ಛಾತಿ ಇತ್ತು, ಒಪ್ಪುತ್ತೇನೆ. ಮುರಿದ ಮೂಳೆಗೂ ಹೃದಯಕ್ಕೂ ಒಂದು ವ್ಯತ್ಯಾಸವಿದೆ ನೋಡಿ. ಕೈ ನೋಯುತ್ತಿದ್ದರೆ ಅದನ್ನು ಸಹಿಸಿಕೊಂಡು ಓಡಿಸಬಹುದು, ತಲೆ ಕೆಲಸ ಮಾಡುತ್ತಿರುತ್ತೆ. ಹೃದಯ ಲಯ ತಪ್ಪಿದರೆ ಕೆಲವೇ ಸೆಕೆಂಡಿನಲ್ಲಿ ತಲೆಯೇ ಆರಿಹೋಗುತ್ತೆ. ಸಹಿಸಿಕೊಳ್ಳಲು ಅಲ್ಲಿ ಯಾರೂ ಇರಲ್ಲ.

1959ರ ಜೂನ್, ಫ್ರಾನ್ಸಿನ ಲೆ ಮಾನ್, 24 ಗಂಟೆಯ ರೇಸ್. ರಾಯ್ ಸಾಲ್ವಡೋರಿ ಜೊತೆ ಆಸ್ಟನ್ ಮಾರ್ಟಿನ್ ಕಾರಿನಲ್ಲಿ 323 ಸುತ್ತು, ಸುಮಾರು 4,350 ಕಿ.ಮೀ. ಓಡಿಸಿ ಗೆದ್ದರು. ಅದೇ ಕಂಪನಿಯ ಇನ್ನೊಂದು ಕಾರಿನಲ್ಲಿದ್ದ ಸ್ಟರ್ಲಿಂಗ್ ಮಾಸ್ ಮೊದಲೇ ಜೋರಾಗಿ ಓಡಿಸಿ ಫೆರಾರಿಗಳನ್ನು ಬೆನ್ನಟ್ಟಿಸಿಕೊಂಡು ಸುಸ್ತು ಮಾಡಿದ್ದ. ಲೆ ಮಾನ್ ಇತಿಹಾಸದಲ್ಲಿ ಆಸ್ಟನ್ ಮಾರ್ಟಿನ್‌ಗೆ ಮೊದಲ ಸ್ಥಾನ ಸಿಕ್ಕಿದ್ದು ಅದೊಂದೇ ಸಲ. ಆವತ್ತು ಶೆಲ್ಬಿಯನ್ನು ಜಾಸ್ತಿ ಕಾಡಿದ್ದು ಹೊಟ್ಟೆ, ಭೇದಿ ಹಿಡಿದಿತ್ತು. ಸಿನಿಮಾದಲ್ಲಿ ಈ ಗೆಲುವಿನ ಬೆನ್ನಿಗೇ ಡಾಕ್ಟರು ಬೇಡ ಅಂದರು, ಬಿಟ್ಟ ಅನ್ನುವ ಹಾಗೆ ತೋರಿಸಿದ್ದಾರೆ. ಅಲ್ಲ. 1960ರಲ್ಲಿ ಎದೆನೋವು ಜೋರಾಯಿತು, ಆಂಜೈನಾ ಅಂತ ಗೊತ್ತಾಯಿತು, ಡಾಕ್ಟರು ನೈಟ್ರೋಗ್ಲಿಸರಿನ್ ಗುಳಿಗೆ ಕೊಟ್ಟರು. ಅದನ್ನು ನಾಲಿಗೆ ಕೆಳಗೆ ಇಟ್ಟುಕೊಂಡೇ ಆ ವರ್ಷ ಓಡಿಸಿದ, ಆ ವರ್ಷದ ಅಮೆರಿಕದ ರೋಡ್ ರೇಸಿಂಗ್ ಚಾಂಪಿಯನ್ ಪಟ್ಟವನ್ನೂ ಗೆದ್ದ. ನೀವು ಓದಿದ್ದು ಇದನ್ನೇ.

ಅದೇ ವರ್ಷದ ಕೊನೆಗೆ ಹೆಲ್ಮೆಟ್ ತೆಗೆದಿಟ್ಟ. ಇದನ್ನು ಯಾಕೋ ಯಾರೂ ದಪ್ಪ ಅಕ್ಷರದಲ್ಲಿ ಬರೆಯಲ್ಲ. ಗುಳಿಗೆ ಇಟ್ಟುಕೊಂಡು ಓಡಿಸಿದ್ದು ಒಂದು ವರ್ಷವೂ ತುಂಬಲಿಲ್ಲ. ಬಿಟ್ಟ ಮೇಲೆ ಬದುಕಿದ್ದು 51 ವರ್ಷ. ನೀವು ಆ ಒಂದು ವರ್ಷವನ್ನು ಎತ್ತಿಕೊಂಡು ಅದರಿಂದಲೇ 89 ಬಂತು ಅನ್ನುತ್ತಿದ್ದೀರಿ.

ಇನ್ನು ಗುಳಿಗೆ. ನೈಟ್ರೋಗ್ಲಿಸರಿನ್ ಅಂದ್ರೆ ಡೈನಮೈಟ್‌ನೊಳಗೆ ಇರುವುದೇ. ಆಲ್ಫ್ರೆಡ್ ನೊಬೆಲ್ ಅದರಿಂದ ಡೈನಮೈಟ್ ಮಾಡಿ ಹಣ ಮಾಡಿದ, ಕೊನೆಗಾಲದಲ್ಲಿ ಅವನ ಹೃದಯಕ್ಕೆ ಡಾಕ್ಟರು ಅದನ್ನೇ ಬರೆದುಕೊಟ್ಟರು. ನಿಮ್ಮ ಜೇಬಿನ ಸಾರ್ಬಿಟ್ರೇಟ್ ಅದರದೇ ದಾಯಾದಿ, ಐಸೋಸಾರ್ಬೈಡ್ ಡೈನೈಟ್ರೇಟ್. ನುಂಗಿದರೆ ಪಿತ್ತಜನಕಾಂಗ ಅದರಲ್ಲಿ ಬಹುಪಾಲನ್ನು ಅಲ್ಲೇ ಮುಗಿಸಿಬಿಡುತ್ತೆ. ನಾಲಿಗೆ ಕೆಳಗಿನ ತೆಳ್ಳನೆ ಚರ್ಮದಿಂದ ಹೋದರೆ ನೇರವಾಗಿ ರಕ್ತಕ್ಕೆ. ಅದು ಮೈಯಲ್ಲಿರುವ ರಕ್ತನಾಳಗಳನ್ನು ಸಡಿಲ ಮಾಡುತ್ತೆ. ರಕ್ತ ಕಾಲಿನ ಕಡೆ, ಹೊಟ್ಟೆಯ ಕಡೆ ನಿಲ್ಲುತ್ತೆ, ಹೃದಯಕ್ಕೆ ವಾಪಸು ಬರುವ ಹೊರೆ ಕಮ್ಮಿಯಾಗುತ್ತೆ, ನೋವು ಇಳಿಯುತ್ತೆ. ಜೊತೆಗೆ ಬಿಪಿಯೂ ಇಳಿಯುತ್ತೆ. ಅದಕ್ಕೇ ಅದನ್ನು ಕೂತು ತೆಗೆದುಕೊಳ್ಳಿ ಅಂತ ಹೇಳುವುದು. ತಲೆನೋವು, ಕಣ್ಣು ಮಂಜು, ತಲೆ ಸುತ್ತು, ಇವೆಲ್ಲ ಆ ಗುಳಿಗೆ ಕೆಲಸ ಮಾಡುತ್ತಿದೆ ಅನ್ನುವುದರ ಲಕ್ಷಣ. ಈಗ ಹೇಳಿ, ಟ್ರ್ಯಾಕ್‌ನಲ್ಲಿ ತಿರುವಿಗೆ ಬ್ರೇಕ್ ಒತ್ತುವ ಹೊತ್ತಿಗೆ ಇದರಲ್ಲಿ ಯಾವುದು ಬಂದರೆ ಪರವಾಗಿಲ್ಲ?

ಒಮ್ಮೆ ಒಂದು ರ‍್ಯಾಲಿಗೆ ನಾನು ಡಾಕ್ಟರಾಗಿ ಹೋಗಿದ್ದೆ. ಹುಣಸೆ ಮರದ ಕೆಳಗೆ ಆಂಬುಲೆನ್ಸ್, ಮಧ್ಯಾಹ್ನದ ಬಿಸಿಲು. ಸ್ಟೇಜ್ ಮುಗಿಸಿ ಬಂದ ಒಂದು ಕಾರು ನಿಂತಿತು, ಡ್ರೈವರ್ ಇಳಿಯಲಿಲ್ಲ. ಐವತ್ತರ ಆಸುಪಾಸಿನ ಮನುಷ್ಯ. ಹೋಗಿ ನೋಡಿದರೆ ಹೆಲ್ಮೆಟ್ ಒಳಗೆ ಮುಖ ಬೂದಿ ಬಣ್ಣ, ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿದೆ. "ಏನಿಲ್ಲ ಡಾಕ್ಟ್ರೇ, ಒಂದು ಗುಳಿಗೆ ಇಟ್ಕೊಂಡಿದೀನಿ, ಸರಿಹೋಗುತ್ತೆ" ಅಂದರು. ಮಾತು ತೊದಲುತ್ತಿತ್ತು, ಗುಳಿಗೆ ಇನ್ನೂ ಕರಗಿರಲಿಲ್ಲ. ಬೆಲ್ಟ್ ಬಿಚ್ಚಿ, ರೋಲ್ ಕೇಜಿನ ಕಂಬಿ ಹಿಡಿದು ಎದ್ದು ನಿಂತವರು ಹಾಗೇ ನನ್ನ ಮೇಲೆ ಕುಸಿದರು. ಬಿಪಿ ನೋಡಿದರೆ ಮೇಲಿನದು 80. ಎರಡು ಗಂಟೆ ದಪ್ಪ ಬಟ್ಟೆಯೊಳಗೆ ಬೆಂದು ನೀರು ಆರಿಹೋಗಿತ್ತು, ಅದರ ಮೇಲೆ ಗುಳಿಗೆ. ಕಾಲು ಎತ್ತಿ ಮಲಗಿಸಿ, ಡ್ರಿಪ್ ಹಾಕಿ, ಆಸ್ಪತ್ರೆಗೆ ಸಾಗಿಸಿದೆವು. ಬದುಕಿದರು. ಅದೇ ಗುಳಿಗೆಯನ್ನು ಐದು ನಿಮಿಷ ಮುಂಚೆ, ಕಾಡಿನ ದಾರಿಯಲ್ಲಿ ಬಾಯಿಗೆ ಹಾಕಿಕೊಂಡಿದ್ದರೆ ಪಕ್ಕದಲ್ಲಿ ಕೂತು ದಾರಿ ಹೇಳುವ ನ್ಯಾವಿಗೇಟರ್ ಹುಡುಗನ ಗತಿ ಏನಾಗುತ್ತಿತ್ತೋ. ಅವನಿಗೆ ಇಪ್ಪತ್ಮೂರೋ ಇಪ್ಪತ್ನಾಲ್ಕೋ ಇರಬೇಕು. ಆಂಬುಲೆನ್ಸ್ ಹೊರಟ ಮೇಲೂ ಟೈಮ್ ಕಾರ್ಡ್ ಕೈಯಲ್ಲಿ ಹಿಡಿದು ಸುಮ್ನೆ ನಿಂತಿದ್ದ.

"ನಾಲ್ಕೇ ಸುತ್ತು" ಅಂತ ಬರೆದಿದ್ದೀರಿ. ಹೃದಯಕ್ಕೆ ಸುತ್ತಿನ ಲೆಕ್ಕ ಗೊತ್ತಿಲ್ಲ. ರೇಸ್ ಕಾರಿನಲ್ಲಿ ಕೂತವರ ಎದೆಬಡಿತ ಬಾವುಟ ಬೀಳುವ ಮೊದಲೇ ಏರುತ್ತೆ, ಓಡುವಾಗ ನಿಮಿಷಕ್ಕೆ 150 ದಾಟುವುದು ಮಾಮೂಲು. ಕೂತೇ ಇರುತ್ತೀರಿ, ಆದರೆ ಒಳಗೆ ಮೆಟ್ಟಿಲು ಓಡಿ ಹತ್ತಿದ ಹಾಗೇ. ಒಂದು ಮಹಡಿಗೇ ನೋವು ಬರುವವರಿಗೆ ಅದು ಎಷ್ಟನೇ ಮಹಡಿ ಅಂತ ನೀವೇ ಲೆಕ್ಕ ಹಾಕಿ.

ಗುಳಿಗೆ ಬಗ್ಗೆ ಇನ್ನೆರಡು ಮಾತು. ಅದನ್ನು ಕಾರಿನ ಡ್ಯಾಶ್‌ಬೋರ್ಡ್‌ನಲ್ಲಿ ಇಡಬೇಡಿ, ಬಿಸಿಲಿಗೆ ಹಾಳಾಗುತ್ತೆ. ಲೈಂಗಿಕ ಶಕ್ತಿಗೆ ಅಂತ ತೆಗೆದುಕೊಳ್ಳುವ ಸಿಲ್ಡೆನಾಫಿಲ್ ಜಾತಿಯ ಮಾತ್ರೆ ಏನಾದರೂ ಇದ್ದರೆ ಇದರ ಜೊತೆ ಕೂಡದು, ಬಿಪಿ ಪಾತಾಳಕ್ಕೆ ಹೋಗುತ್ತೆ. ನಾಚಿಕೆ ಬಿಟ್ಟು ನಿಮ್ಮ ಡಾಕ್ಟರಿಗೆ ಹೇಳಿ. ಗುಳಿಗೆ ಇಟ್ಟು ಐದು ನಿಮಿಷದಲ್ಲಿ ನೋವು ಹೋಗದಿದ್ದರೆ ಅದು ಗುಳಿಗೆಯ ಕೈ ಮೀರಿದ್ದು, ಮತ್ತೆ 108.

ಶೆಲ್ಬಿ ಗುಳಿಗೆ ನಂಬಿದ್ದು ಯಾಕೆ ಗೊತ್ತಾ? ಬೇರೇನೂ ಇರಲಿಲ್ಲ. 1960ರಲ್ಲಿ ಹೃದಯದ ರಕ್ತನಾಳದ ಫೋಟೋ ತೆಗೆಯುವ ವಿದ್ಯೆ ಆಗಷ್ಟೇ ಕಣ್ಣು ಬಿಡುತ್ತಿತ್ತು, ಕ್ಲೀವ್‌ಲ್ಯಾಂಡಿನಲ್ಲಿ ಮೇಸನ್ ಸೋನ್ಸ್ ಅನ್ನುವ ಡಾಕ್ಟರು 1958ರಲ್ಲಿ ಆಕಸ್ಮಿಕವಾಗಿ ಅದರ ದಾರಿ ಕಂಡಿದ್ದರು. ಈಗಿನ ರೀತಿಯ ಬೈಪಾಸ್ ಚಾಲ್ತಿಗೆ ಬಂದಿದ್ದು 1967ರಲ್ಲಿ, ಅದೇ ಊರಿನಲ್ಲಿ ಫವಲೊರೊ ಅನ್ನುವ ಸರ್ಜನ್ ಮಾಡಿದ ಮೇಲೆ. ಬಲೂನು ಹಾಕಿ ರಕ್ತನಾಳ ತೆರೆಯುವುದು 1977, ಸ್ಟೆಂಟ್ ಬಂದಿದ್ದು 80ರ ದಶಕದಲ್ಲಿ. ಕೊಲೆಸ್ಟ್ರಾಲ್ ಇಳಿಸುವ ಸ್ಟಾಟಿನ್ ಕೂಡ 80ರ ದಶಕದ್ದೇ. ಆತನಿಗೆ ಇದ್ದ ದಾರಿ ಎರಡೇ: ಗುಳಿಗೆ ಇಟ್ಟುಕೊಂಡು ಓಡಿಸುವುದು, ಇಲ್ಲ ಓಡಿಸುವುದನ್ನು ಬಿಡುವುದು. ನಿಮಗೆ ಮೈಸೂರಿಗೆ ಹೋದರೆ ಇಷ್ಟೂ ಸಿಗುತ್ತೆ, ಆದರೂ 1960ರ ಗುಳಿಗೆಯನ್ನೇ ಹಿಡಿದು ಕೂತಿದ್ದೀರಿ!

ಹಾಗಾದರೆ ನಿಮ್ಮ ಮುಂದೆ ಏನಿದೆ. ಆಂಜಿಯೋಗ್ರಾಮ್‌ನಲ್ಲಿ ದೊಡ್ಡ ಅಡಚಣೆ ಕಾಣದೆ ಹೋಗಬಹುದು, ಅಥವಾ ಸಣ್ಣ ನಾಳದಲ್ಲಿ ಕಂಡು ಔಷಧಿಯೇ ಸಾಕು ಅನ್ನಬಹುದು. ಸ್ಥಿರ ಆಂಜೈನಾ ಇರುವವರಲ್ಲಿ ಸ್ಟೆಂಟ್ ಹಾಕಿದರೂ ಒಳ್ಳೇ ಔಷಧಿ ಕೊಟ್ಟರೂ ಸಾವಿನ ಲೆಕ್ಕದಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ, ನೋವು ಮಾತ್ರ ಸ್ಟೆಂಟ್‌ನಿಂದ ಜಾಸ್ತಿ ಕಮ್ಮಿಯಾಯಿತು ಅಂತ 2019ರಲ್ಲಿ 5,000ಕ್ಕೂ ಹೆಚ್ಚು ರೋಗಿಗಳ ಮೇಲಿನ ಇಸ್ಕೀಮಿಯಾ ಅಧ್ಯಯನ ತೋರಿಸಿತು. ಹಾಗಂತ ಇದನ್ನು ಓದಿ "ನೋಡಿ, ಆಂಜಿಯೋ ಬೇಡವಂತೆ" ಅಂತ ಮನೆಯಲ್ಲಿ ವಾದ ಹೂಡಬೇಡಿ. ಆ ಅಧ್ಯಯನ ಲೆಕ್ಕ ತಪ್ಪಿದ ನೋವಿನವರದ್ದಲ್ಲ, ಎಡಗಡೆಯ ಮುಖ್ಯ ನಾಳದಲ್ಲೇ ಅಡಚಣೆ ಇರುವವರದ್ದೂ ಅಲ್ಲ. ನಿಮ್ಮದು ಯಾವುದು ಅಂತ ತಿಳಿಯಲು ಫೋಟೋ ಬೇಕೇ ಬೇಕು.

ಸ್ಟೆಂಟ್ ಹಾಕಿದರೆ ಡ್ರೈವಿಂಗ್ ಮುಗಿಯಿತು ಅನ್ನುವುದು ಸುಳ್ಳು. ಬ್ರಿಟನ್ನಿನಲ್ಲಿ ಇದಕ್ಕೆ ಸ್ಪಷ್ಟ ನಿಯಮ ಇದೆ. ಸ್ವಂತ ಕಾರು ಓಡಿಸುವವರು ತೊಂದರೆಯಿಲ್ಲದೆ ಆಂಜಿಯೋಪ್ಲಾಸ್ಟಿ (ಬಲೂನು, ಸ್ಟೆಂಟ್ ಹಾಕುವುದು) ಆದರೆ ಒಂದು ವಾರ, ಬೈಪಾಸ್ ಆದರೆ ನಾಲ್ಕು ವಾರ ಬಿಟ್ಟು ಓಡಿಸಬಹುದು. ಕೂತಾಗ, ಸಿಟ್ಟು ಬಂದಾಗ, ಸ್ಟೇರಿಂಗ್ ಮುಂದೆ ಆಂಜೈನಾ ಬರುವವರು ಮಾತ್ರ ಅದು ಹತೋಟಿಗೆ ಬರುವವರೆಗೆ ಓಡಿಸುವ ಹಾಗಿಲ್ಲ. ನಮ್ಮಲ್ಲಿ 40 ದಾಟಿದವರು ಲೈಸೆನ್ಸಿಗೆ 1ಎ ಫಾರಂನಲ್ಲಿ ಡಾಕ್ಟರ ಸಹಿ ತರಬೇಕು. ಎಷ್ಟೋ ಕಡೆ ಆ ಸಹಿ ಸ್ಟೆತಸ್ಕೋಪ್ ಎದೆಗೆ ತಾಗದೆಯೇ ಬೀಳುತ್ತೆ. ಅದನ್ನು ನಂಬಿ ಕೂರಬೇಡಿ.

ಊರ ದಾರಿಯಲ್ಲಿ ಓಡಿಸುವುದು ಬೇರೆ, ಟ್ರ್ಯಾಕ್ ಬೇರೆ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದ ಹಾಗೆ ಎರಡು ಮಾತ್ರೆ ಕೊಡುತ್ತೇವೆ, ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ. ಆ ಅವಧಿಯಲ್ಲಿ ತಲೆಗೆ ಪೆಟ್ಟು ಬಿದ್ದರೆ ರಕ್ತ ನಿಲ್ಲುವುದು ಕಷ್ಟ. ಹೆದರಿಕೊಂಡು ಮಾತ್ರೆಯನ್ನೇ ನಿಲ್ಲಿಸಿದರೆ ಸ್ಟೆಂಟ್ ಮುಚ್ಚಿಹೋಗುತ್ತೆ. ಎರಡೂ ಕಡೆಯಿಂದ ಸಿಕ್ಕಿಹಾಕಿಕೊಳ್ಳುತ್ತೀರಿ. ಬೈಪಾಸ್ ಆದರೆ ಎದೆಮೂಳೆ ಕೂಡಲು ಎರಡು ಮೂರು ತಿಂಗಳು ಬೇಕು, ರೇಸ್ ಸೀಟಿನ ಬೆಲ್ಟ್ ಬಿಗಿಯುವುದು ಸರಿಯಾಗಿ ಅದರ ಮೇಲೇ. ಆದ್ದರಿಂದ ಯಾವ ದಾರಿ ಹಿಡಿದರೂ ಒಂದು ವರ್ಷದವರೆಗೆ ಟ್ರ್ಯಾಕ್ ಮಾತು ಬೇಡ. ಅದಾದ ಮೇಲೆ ಟಿಎಂಟಿ ಮತ್ತೆ ಮಾಡಿ, ನೋವಿಲ್ಲದೆ ಚೆನ್ನಾಗಿ ಓಡಿದರೆ ಆಗ ಕೂತು ಮಾತಾಡೋಣ. ಹೂಂ ಅಂತ ಹೇಳುತ್ತೇನೆ ಅಂತ ಈಗಲೇ ಮಾತು ಕೊಡಲ್ಲ.

ಹೆಲ್ಮೆಟ್ ಇಟ್ಟ ಮೇಲೆ ಶೆಲ್ಬಿ ಏನು ಮಾಡಿದ ಅನ್ನುವುದು ನನಗೆ ಆತನ ರೇಸುಗಳಿಗಿಂತ ಇಷ್ಟ. ಗುಡ್‌ಇಯರ್ ರೇಸ್ ಟೈರಿನ ಮಾರಾಟ ಹಿಡಿದ, ರಿವರ್‌ಸೈಡ್‌ನಲ್ಲಿ ಡ್ರೈವಿಂಗ್ ಸ್ಕೂಲ್ ತೆಗೆದ, ಪಾಠ ಹೇಳಲು ಪೀಟ್ ಬ್ರಾಕ್ ಅನ್ನುವ ಹುಡುಗನನ್ನು ಇಟ್ಟುಕೊಂಡ. ಇಂಗ್ಲೆಂಡಿನ ಎಸಿ ಕಂಪನಿಯ ಹಗುರ ಕಾರಿಗೆ ಎಂಜಿನ್ ಸಿಗದೆ ಒದ್ದಾಡುತ್ತಿದ್ದಾರೆ ಅಂತ ಗೊತ್ತಾಯಿತು. ಫೋರ್ಡ್ ಹತ್ತಿರ ಹೊಸ ವಿ8 ಎಂಜಿನ್ ಇತ್ತು. ಇವರಿಂದ ಅದು, ಅವರಿಂದ ಇದು ತರಿಸಿ 1962ರಲ್ಲಿ ಕೋಬ್ರಾ ಮಾಡಿದ. ಚಾಲಾಕಿ ಅಂದೆನಲ್ಲ, ಇರುವುದು ಒಂದೇ ಕಾರು, ಪರೀಕ್ಷೆಗೆ ಕೇಳುವ ಪತ್ರಿಕೆಗಳು ಹಲವು. ಒಂದು ಪತ್ರಿಕೆಯಿಂದ ವಾಪಸು ಬಂದ ಕೂಡಲೇ ಬೇರೆ ಬಣ್ಣ ಬಳಿದು ಇನ್ನೊಂದಕ್ಕೆ ಕೊಡುತ್ತಿದ್ದ, ಕಾರ್ಖಾನೆಯಲ್ಲಿ ಸಾಲುಸಾಲು ತಯಾರಾಗುತ್ತಿವೆ ಅನ್ನಿಸಲಿ ಅಂತ. ಅದೇ ಕಾರು 2016ರಲ್ಲಿ ಹರಾಜಿನಲ್ಲಿ 1.375 ಕೋಟಿ ಡಾಲರಿಗೆ ಹೋಯಿತು. 1966ರಲ್ಲಿ ಲೆ ಮಾನ್‌ನಲ್ಲಿ ಫೋರ್ಡ್ ಜಿಟಿ40 ಕಾರುಗಳು ಮೊದಲ ಮೂರೂ ಸ್ಥಾನ ಬಾಚಿದಾಗ ಶೆಲ್ಬಿ ಇದ್ದದ್ದು ಪಿಟ್‌ನಲ್ಲಿ, ಟ್ರ್ಯಾಕ್ ಪಕ್ಕದ ರಿಪೇರಿ ಜಾಗದಲ್ಲಿ. ಆ ಕಾರನ್ನು ತಿದ್ದಿ ತೀಡಿದ ಕೆನ್ ಮೈಲ್ಸ್ ಎರಡು ತಿಂಗಳಿಗೆ ರಿವರ್‌ಸೈಡ್‌ನಲ್ಲಿ ಹೊಸ ಕಾರು ಪರೀಕ್ಷಿಸುವಾಗ ತೀರಿಕೊಂಡ. ಅವನ ಹೃದಯಕ್ಕೆ ಏನೂ ಆಗಿರಲಿಲ್ಲ.

89ರ ಲೆಕ್ಕಕ್ಕೆ ಬರೋಣ. 70ರ ದಶಕದಲ್ಲಿ ಶೆಲ್ಬಿಗೆ ಬೈಪಾಸ್ ಆಯಿತು. ಅದೂ ಸಾಲದೆ 1990ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ಸೀಡರ್ಸ್-ಸಿನಾಯ್ ಆಸ್ಪತ್ರೆಯಲ್ಲಿ ಹೃದಯವನ್ನೇ ಬದಲಾಯಿಸಿದರು. ಅಂದ್ರೆ ಕೊನೆಯ 22 ವರ್ಷ ಆತ ಬದುಕಿದ್ದು ರೇಸ್ ಓಡಿಸಿದ ಹೃದಯದ ಮೇಲಲ್ಲ, ಬೇರೆ ಯಾರದೋ ಹೃದಯದ ಮೇಲೆ. ಕಸಿ ಮಾಡುವಾಗ ನರಗಳನ್ನು ಕತ್ತರಿಸಿರುತ್ತಾರೆ, ಅದರಿಂದ ಹೊಸ ಹೃದಯಕ್ಕೆ ತೊಂದರೆಯಾದರೂ ಎದೆನೋವು ಸಾಮಾನ್ಯವಾಗಿ ಗೊತ್ತಾಗಲ್ಲ. ಸುಮ್ನೆ ಕೂತಾಗಲೂ ಬಡಿತ 90-100ರ ಹತ್ತಿರ ಇರುತ್ತೆ, ಓಡಿದರೆ ನಿಧಾನಕ್ಕೆ ಏರುತ್ತೆ. ಅಂಥ ಹೃದಯ ಇಟ್ಟುಕೊಂಡು 1991ರ ಮೇ ತಿಂಗಳಲ್ಲಿ, ಕಸಿಯಾಗಿ ವರ್ಷ ತುಂಬುವ ಮೊದಲೇ, ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಡಾಡ್ಜ್ ವೈಪರ್ ಪೇಸ್ ಕಾರು ಓಡಿಸಿದ. ಗಮನಿಸಿ, ಪೇಸ್ ಕಾರು. ರೇಸ್ ಕಾರುಗಳ ಮುಂದೆ ಹೋಗಿ ದಾರಿ ಬಿಟ್ಟು ಪಕ್ಕಕ್ಕೆ ಸರಿಯುವುದು. ಕಸಿಯಾದವರು ದಿನಾ ನುಂಗುವ ಮಾತ್ರೆಗಳು ಕಿಡ್ನಿಗೆ ಪೆಟ್ಟು ಕೊಡುತ್ತವೆ. 1996ರಲ್ಲಿ ಶೆಲ್ಬಿಗೆ ಕಿಡ್ನಿಯೂ ಬೇಕಾಯಿತು, ಮಗ ಮೈಕೆಲ್ ಕೊಟ್ಟ. ತೀರಿಕೊಂಡಿದ್ದು 2012ರ ಮೇ 10ಕ್ಕೆ, ಡಲ್ಲಾಸ್‌ನಲ್ಲಿ. ಆತನ ಹಾಗೆ ಬದುಕಬೇಕು ಅಂದ್ರೆ ಗುಳಿಗೆ ಒಂದನ್ನೇ ಅಲ್ಲ, ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅಂದ ಹಾಗೆ ನಮ್ಮ ರಾಜ್ಯದಲ್ಲಿ ಹೃದಯಕ್ಕಾಗಿ ಕಾಯುವವರ ಪಟ್ಟಿಯನ್ನು ಜೀವಸಾರ್ಥಕತೆ ಅನ್ನುವ ಅಂಗದಾನ ಸಂಸ್ಥೆ ನೋಡಿಕೊಳ್ಳುತ್ತೆ. ಆ ಪಟ್ಟಿಯಲ್ಲಿ ಹೆಸರಿರುವ ಕೆಲವರನ್ನು ನಾನು ವಾರವಾರ ನೋಡುತ್ತೇನೆ. ಅಲ್ಲಿಗೆ ಹೋಗುವ ಅಗತ್ಯ ನಿಮಗೆ ಈಗ ಇಲ್ಲ, ಬರುವುದೂ ಬೇಡ.

ಕೊಯಮತ್ತೂರಿನವರಿಗೆ ನಾಳೆಯೇ ಫೋನ್ ಮಾಡಿ, ಕಟ್ಟಿದ ದುಡ್ಡನ್ನು ಮುಂದಿನ ವರ್ಷಕ್ಕೆ ಹಾಕುತ್ತಾರಾ ಕೇಳಿ. ಹಾಕದಿದ್ದರೆ ಹೋಗಲಿ. ಆಮೇಲೆ ಟಿಎಂಟಿ ರಿಪೋರ್ಟು, ಈಗ ನುಂಗುತ್ತಿರುವ ಮಾತ್ರೆಗಳ ಚೀಟಿ ಎರಡನ್ನೂ ಒಂದು ಕವರಿಗೆ ಹಾಕಿ, ಕಾರಿನ ಕೀ ಎಲ್ಲಿದೆ ಅಂತ ಹುಡುಕಬೇಡಿ, ನಿಮ್ಮ ಮನೆಯವರಿಗೇ ಗೊತ್ತಿರುತ್ತೆ. ಆಸ್ಪತ್ರೆಗೆ ಅವರೇ ಓಡಿಸಲಿ. ನೀವು ಪಕ್ಕದ ಸೀಟಿನಲ್ಲಿ ಬೆಲ್ಟ್ ಹಾಕಿ ಕೂತು, ಹೊಳೆನರಸೀಪುರ ದಾಟುವವರೆಗಾದರೂ ಗೇರ್ ಬಗ್ಗೆ ಬಾಯಿ ಬಿಡದೆ ಇರಿ ನೋಡೋಣ.